ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ದಂತ ನೈರ್ಮಲ್ಯ ವ್ಯಾಸಂಗ ಹಾಗೂ ಉದ್ಯೋಗಾವಕಾಶಗಳು

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಸಮುದಾಯ ಕಾಲೇಜುಗಳಲ್ಲಿ ಬೋಧಿಸಲಾಗುವ ದಂತ ನೈರ್ಮಲ್ಯ ವ್ಯಾಸಂಗಕ್ರಮ, ಅದಕ್ಕೆ ಪ್ರವೇಶ ಪಡೆಯುವ ವಿಧಾನ, ಪರವಾನಗಿ ಪರೀಕ್ಷೆಗಳು ಹಾಗೂ ಉದ್ಯೋಗಾವಕಾಶಗಳ ಬಗ್ಗೆ ಇಲ್ಲಿ ಮಾಹಿತಿ ನೀಡಲಾಗಿದೆ. ಉದ್ಯೋಗ ನಿಮಿತ್ತ ಅಲ್ಲಿ ನೆಲೆಸಿರುವ ಕನ್ನಡಿಗರ ಪತಿ ಅಥವಾ ಪತ್ನಿ, ಅಲ್ಲಿಯೇ ಪ್ರೌಢಶಿಕ್ಷಣ ಮುಗಿಸುತ್ತಿರುವ ಅವರ ಮಕ್ಕಳು ಮತ್ತು ರಾಜ್ಯದ ದಂತವೈದ್ಯಕೀಯ ಕಾಲೇಜುಗಳಲ್ಲಿ ಬಿ.ಡಿ.ಎಸ್. ಪದವಿ ಪಡೆದು ಅಲ್ಲಿಗೆ ತೆರಳುವವರು, ಈ ಮೂರು ವರ್ಗದವರಿಗೆ ಸದರಿ ಮಾಹಿತಿಯು ಹೆಚ್ಚಾಗಿ ಸಂಬಂಧಿಸಿರುತ್ತದೆ.

ಎರಡು ವರ್ಷ ಓದಿದರೆ ಸಾಕು, ಉತ್ತಮ ಸಂಬಳದ ಕೆಲಸ ಸಿಗುತ್ತದೆ ಎಂಬ ಮಾತು ಈ ವ್ಯಾಸಂಗದ ಬಗ್ಗೆ ಪ್ರಚಲಿತದಲ್ಲಿದೆ. ಇದು ಭಾಗಶಃ ಮಾತ್ರ ಸತ್ಯ. ಪ್ರವೇಶ ದೊರೆಯುವುದಕ್ಕೆ ಮುನ್ನವೇ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಸಿದ್ಧತೆ ಬೇಕಾಗುತ್ತದೆ. ಪದವಿ ದೊರೆತ ಮೇಲೂ ರಾಜ್ಯದ ಪರವಾನಗಿ ಇಲ್ಲದೆ, ಹಾಗೂ ದುಡಿಯಲು ವಲಸೆ ಕಾನೂನಿನ ಅನುಮತಿ ಇಲ್ಲದೆ, ಒಂದು ದಿನವೂ ಕೆಲಸ ಮಾಡುವಂತಿಲ್ಲ. ಕಾಲೇಜಿಗೆ ಮಾನ್ಯತೆ ಇದೆಯೇ, ವಾಸಿಸುವ ರಾಜ್ಯದ ಪರವಾನಗಿ ನಿಯಮ ಏನು, ತಮ್ಮ ವೀಸಾದಲ್ಲಿ ದುಡಿಯುವ ಹಕ್ಕು ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಶುಲ್ಕ ಪಾವತಿಸುವ ಮೊದಲೇ ಉತ್ತರ ಕಂಡುಕೊಳ್ಳುವುದು ಅವಶ್ಯ.

ವೃತ್ತಿಯ ಸ್ವರೂಪ

ಹಲ್ಲಿನ ಮೇಲೂ ಒಸಡಿನ ಅಂಚಿನ ಕೆಳಗೂ ಗಟ್ಟಿಯಾಗಿ ಕುಳಿತ ಕಿಟ್ಟವನ್ನು ತೆಗೆದು ಹಲ್ಲನ್ನು ಶುಚಿಗೊಳಿಸುವುದು ಡೆಂಟಲ್ ಹೈಜೀನಿಸ್ಟ್‌ನ ಮುಖ್ಯ ಕೆಲಸ. ಇದರೊಂದಿಗೆ ಕ್ಷ-ಕಿರಣ ಚಿತ್ರ ತೆಗೆಯುವುದು, ಫ್ಲೋರೈಡ್ ಲೇಪಿಸುವುದು, ಮಕ್ಕಳ ದವಡೆ ಹಲ್ಲಿನ ಗುಳಿಗಳು ಹುಳುಕಾಗದಂತೆ ಸೀಲೆಂಟ್ ತುಂಬುವುದು, ಒಸಡಿನ ಸ್ಥಿತಿಯನ್ನು ಅಳೆದು ದಾಖಲಿಸುವುದು, ಹಲ್ಲುಜ್ಜುವ ಸರಿಯಾದ ಕ್ರಮವನ್ನು ರೋಗಿಗೆ ತಿಳಿಸಿಕೊಡುವುದು ಸೇರಿರುತ್ತವೆ. ಒಸಡಿನ ಅಳತೆಯನ್ನು ಪ್ರತಿ ಹಲ್ಲಿನ ಸುತ್ತ ಆರು ಕಡೆ ತೆಗೆಯಲಾಗುತ್ತದೆ. 32 ಹಲ್ಲುಗಳಿರುವ ವ್ಯಕ್ತಿಗೆ ಇದು 192 ಅಳತೆಗಳಾಗುತ್ತದೆ. 1ರಿಂದ 3 ಮಿಲಿಮೀಟರ್ ಆಳವಿದ್ದಲ್ಲಿ ಆರೋಗ್ಯಕರವೆಂದೂ, 4 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಇದ್ದಲ್ಲಿ ಗಮನ ಅಗತ್ಯವೆಂದೂ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ರೋಗವನ್ನು ಅಧಿಕೃತವಾಗಿ ನಿರ್ಣಯಿಸುವುದು, ಹಲ್ಲು ಕೊರೆಯುವುದು, ಕೀಳುವುದು, ಕೃತಕ ದಂತ ಕೂರಿಸುವುದು ದಂತವೈದ್ಯರ ವ್ಯಾಪ್ತಿಗೆ ಬರುತ್ತವೆ.

ಭಾರತದಲ್ಲಿಯೂ ಈ ವೃತ್ತಿ ಹೊಸದೇನಲ್ಲ. 1948ರ ದಂತವೈದ್ಯರ ಅಧಿನಿಯಮದಲ್ಲಿಯೇ ಇದನ್ನು ದಂತವೈದ್ಯ ವೃತ್ತಿಯಿಂದ ಪ್ರತ್ಯೇಕವಾಗಿ ವ್ಯಾಖ್ಯಾನಿಸಲಾಗಿತ್ತು. ಆದರೆ ನಮ್ಮಲ್ಲಿ ಸ್ಕೇಲಿಂಗ್ ಕೆಲಸವನ್ನು ಬಹುತೇಕ ದಂತವೈದ್ಯರೇ ಮಾಡುವುದರಿಂದ ಹೈಜೀನಿಸ್ಟ್ ಎಂಬ ಪದವೇ ಸಾರ್ವಜನಿಕರಿಗೆ ಅಪರಿಚಿತವಾಗಿದೆ. ಅಮೆರಿಕದ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಅಲ್ಲಿ ಆರು ತಿಂಗಳಿಗೊಮ್ಮೆ ದಂತ ಚಿಕಿತ್ಸಾಲಯಕ್ಕೆ ಹೋಗುವ ವ್ಯಕ್ತಿ ಹೆಚ್ಚಿನ ಸಮಯ ಕಳೆಯುವುದು ಹೈಜೀನಿಸ್ಟ್‌ನ ಕುರ್ಚಿಯಲ್ಲಿ. ದಂತವೈದ್ಯರು ಕೊನೆಗೆ ಬಂದು ಪರೀಕ್ಷಿಸಿ ಹೋಗುತ್ತಾರೆ.

ಈ ವ್ಯವಸ್ಥೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ನಗರದ ದಂತವೈದ್ಯ ಆಲ್ಫ್ರೆಡ್ ಫೋನ್ಸ್ ಅವರು 1906ರಲ್ಲಿ ತಮ್ಮ ಸಹಾಯಕಿಯೂ ಸಂಬಂಧಿಯೂ ಆಗಿದ್ದ ಐರೀನ್ ನ್ಯೂಮನ್ ಅವರಿಗೆ ಹಲ್ಲು ಶುಚಿಗೊಳಿಸುವ ತರಬೇತಿ ನೀಡಿದರು. 1913ರಲ್ಲಿ ಇದಕ್ಕಾಗಿಯೇ ಶಾಲೆಯನ್ನು ಆರಂಭಿಸಿದರು. ಅಲ್ಲಿ ತರಬೇತಾದ ಮಹಿಳೆಯರು ಬ್ರಿಡ್ಜ್‌ಪೋರ್ಟ್‌ನ ಸರ್ಕಾರಿ ಶಾಲಾ ಮಕ್ಕಳ ಹಲ್ಲುಗಳನ್ನು ಶುಚಿಗೊಳಿಸುವ ಕೆಲಸಕ್ಕೆ ನೇಮಕಗೊಂಡರು. ರೋಗ ಬಂದ ನಂತರದ ಶುಶ್ರೂಷೆಗಿಂತ ರೋಗ ಬಾರದಂತೆ ತಡೆಯುವುದು ಈ ವೃತ್ತಿಯ ಗುರಿ ಎಂಬ ಕಾರಣದಿಂದ ಫೋನ್ಸ್ ಅವರು ದಾದಿ ಎಂಬ ಅರ್ಥದ ಪದವನ್ನು ಕೈಬಿಟ್ಟು ಹೈಜೀನಿಸ್ಟ್ ಎಂಬ ಪದವನ್ನು ಆಯ್ದುಕೊಂಡರು.

ಸಮುದಾಯ ಕಾಲೇಜು ಎಂದರೆ

ಸ್ಥಳೀಯ ಜನರಿಗೆ ಕಡಿಮೆ ವೆಚ್ಚದಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಹಾಗೂ ವೃತ್ತಿ ತರಬೇತಿ ನೀಡುವ ಸಾರ್ವಜನಿಕ ಸಂಸ್ಥೆಗಳೇ ಸಮುದಾಯ ಕಾಲೇಜುಗಳು. 1901ರಲ್ಲಿ ಇಲಿನಾಯ್ ರಾಜ್ಯದಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜನ್ನು ಈ ಬಗೆಯ ಮೊದಲ ಸಂಸ್ಥೆ ಎನ್ನಲಾಗುತ್ತದೆ. ನಮ್ಮ ಪದವಿ ಪೂರ್ವ ಕಾಲೇಜಿಗಾಗಲಿ ಪಾಲಿಟೆಕ್ನಿಕ್‌ಗಾಗಲಿ ಇವು ನೇರವಾಗಿ ಹೋಲುವುದಿಲ್ಲವಾದರೂ ಎರಡರ ಗುಣವೂ ಸ್ವಲ್ಪ ಮಟ್ಟಿಗೆ ಇದೆ. ಸ್ಥಳೀಯ ನಿವಾಸಿಗಳಿಗೆ ಒಂದು ಶುಲ್ಕ, ಅದೇ ರಾಜ್ಯದ ಇತರರಿಗೆ ಮತ್ತೊಂದು, ಹೊರ ರಾಜ್ಯ ಹಾಗೂ ಹೊರ ದೇಶದವರಿಗೆ ಹಲವು ಪಟ್ಟು ಹೆಚ್ಚಿನ ಶುಲ್ಕ ಇರುವುದು ಸಾಮಾನ್ಯ. ಅವಲಂಬಿತ ವೀಸಾದಲ್ಲಿ ಇರುವವರನ್ನು ಹಲವು ರಾಜ್ಯಗಳು ನಿಗದಿತ ವಾಸದ ಅವಧಿಯ ನಂತರ ಸ್ಥಳೀಯರೆಂದು ಪರಿಗಣಿಸುತ್ತವೆ. ಈ ಒಂದು ಅಂಶದಿಂದಲೇ ಒಟ್ಟು ವೆಚ್ಚದಲ್ಲಿ ಭಾರಿ ವ್ಯತ್ಯಾಸವಾಗುವುದರಿಂದ ಕಾಲೇಜಿನ ನಿವಾಸ ನಿರ್ಧಾರ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು ಒಳಿತು.

ದೇಶದಲ್ಲಿ 300ಕ್ಕೂ ಹೆಚ್ಚು ಮಾನ್ಯತೆ ಪಡೆದ ದಂತ ನೈರ್ಮಲ್ಯ ವ್ಯಾಸಂಗಕ್ರಮಗಳಿದ್ದು, ಅವುಗಳಲ್ಲಿ ಬಹುಪಾಲು ಅಸೋಸಿಯೇಟ್ ಪದವಿ ನೀಡುತ್ತವೆ. ಚಿಕಿತ್ಸಾಲಯದಲ್ಲಿ ಕೆಲಸ ಮಾಡಲು ಈ ಪದವಿ ಸಾಕು. ಬೋಧನೆ, ಸಂಶೋಧನೆ ಹಾಗೂ ಸಾರ್ವಜನಿಕ ಆರೋಗ್ಯ ಇಲಾಖೆಗಳ ಮೇಲ್ದರ್ಜೆ ಹುದ್ದೆಗಳಿಗೆ ಸಾಮಾನ್ಯವಾಗಿ ಬ್ಯಾಚುಲರ್ ಪದವಿ ಅಥವಾ ಅದಕ್ಕೂ ಹೆಚ್ಚಿನ ಅರ್ಹತೆ ಬೇಕು. ಅಸೋಸಿಯೇಟ್ ಪದವೀಧರರು ಕೆಲಸದಲ್ಲಿರುವಾಗಲೇ ಉಳಿದ ಭಾಗವನ್ನು ಅಂತರ್ಜಾಲದ ಮೂಲಕ ಪೂರೈಸಲು ಅವಕಾಶಗಳಿವೆ.

ಪ್ರವೇಶಕ್ಕೆ ಮುನ್ನ

ಸಮುದಾಯ ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ; ದಂತ ನೈರ್ಮಲ್ಯ ವಿಭಾಗದ ಬಾಗಿಲು ಹಾಗಲ್ಲ. ಚಿಕಿತ್ಸಾಲಯ ತರಬೇತಿಯಲ್ಲಿ ಐವರು ವಿದ್ಯಾರ್ಥಿಗಳಿಗೆ ಕನಿಷ್ಠ ಒಬ್ಬ ಬೋಧಕರು ಇರತಕ್ಕದ್ದೆಂಬ ಮಾನದಂಡವಿರುವುದರಿಂದಲೂ, ದಂತ ಚಿಕಿತ್ಸೆಯ ಕುರ್ಚಿಗಳ ಸಂಖ್ಯೆ ಸೀಮಿತವಾಗಿರುವುದರಿಂದಲೂ, ಬಹುತೇಕ ಕಾಲೇಜುಗಳಲ್ಲಿ ವರ್ಷಕ್ಕೆ ಕೆಲವೇ ಹತ್ತು ಸ್ಥಾನಗಳಿರುತ್ತವೆ. ಕಾಲೇಜಿಗೆ ದಾಖಲಾಗುವುದು ಬೇರೆ, ವಿಭಾಗಕ್ಕೆ ಆಯ್ಕೆಯಾಗುವುದು ಬೇರೆ ಎಂಬುದನ್ನು ಅಭ್ಯರ್ಥಿಗಳು ಸ್ಪಷ್ಟವಾಗಿ ತಿಳಿದಿರತಕ್ಕದ್ದು. ಮೊದಲನೆಯದನ್ನು ಎರಡನೆಯದೆಂದು ಭಾವಿಸಿ ಒಂದೆರಡು ವರ್ಷ ಶುಲ್ಕ ಕಟ್ಟಿದ ಮೇಲೆ ವಾಸ್ತವ ಅರಿವಾಗುವ ಸಂಭವವಿದೆ.

ಆಯ್ಕೆಗೆ ಅರ್ಜಿ ಸಲ್ಲಿಸುವ ಮುನ್ನ ಕೆಲವು ವಿಷಯಗಳನ್ನು ಉತ್ತೀರ್ಣರಾಗಿರಬೇಕು. ಮಾನವ ಅಂಗರಚನೆ ಮತ್ತು ಶರೀರಕ್ರಿಯೆಯ ಎರಡು ಭಾಗಗಳು, ಸೂಕ್ಷ್ಮಜೀವಿ ವಿಜ್ಞಾನ, ರಸಾಯನಶಾಸ್ತ್ರ, ಇಂಗ್ಲಿಷ್ ಬರವಣಿಗೆ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಭಾಷಣ ಕಲೆ ಇವು ಸಾಮಾನ್ಯ ಪಟ್ಟಿ. ಇವಕ್ಕೆ ಎರಡು ಅಥವಾ ಮೂರು ಸೆಮಿಸ್ಟರ್ ಹಿಡಿಯುತ್ತದೆ. ಆಯ್ಕೆಯು ಬಹುತೇಕ ಅಂಕ ಪದ್ಧತಿಯಲ್ಲಿ ನಡೆಯುವುದರಿಂದ ಕೇವಲ ಉತ್ತೀರ್ಣರಾದರೆ ಸಾಲದು. ವಿಜ್ಞಾನ ವಿಷಯಗಳ ಶ್ರೇಣಿಗೆ ವಿಶೇಷ ಬೆಲೆ ಇರುತ್ತದೆ. ಒಂದೇ ವಿಷಯವನ್ನು ಮತ್ತೆ ಮತ್ತೆ ತೆಗೆದುಕೊಂಡು ಶ್ರೇಣಿ ಹೆಚ್ಚಿಸಿಕೊಳ್ಳುವುದಕ್ಕೆ ಹಲವು ಕಾಲೇಜುಗಳು ಮಿತಿ ಹಾಕಿವೆ.

ಕರ್ನಾಟಕದಲ್ಲಿ ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದರೆ ಅದನ್ನು ಮೇಲ್ಕಂಡ ವಿಷಯಗಳಿಗೆ ಸಮಾನವೆಂದು ಪರಿಗಣಿಸುವುದಿಲ್ಲ. ಬಿ.ಎಸ್ಸಿ., ನರ್ಸಿಂಗ್ ಅಥವಾ ಬಿ.ಡಿ.ಎಸ್. ಹಂತದಲ್ಲಿ ಓದಿದ ವಿಷಯಗಳಿಗೆ ರಿಯಾಯಿತಿ ದೊರೆಯಬಹುದು. ಅದಕ್ಕೆ ಅಂಕಪಟ್ಟಿಗಳನ್ನು ಮಾನ್ಯ ಮೌಲ್ಯಮಾಪನ ಸಂಸ್ಥೆಯಿಂದ ವಿಷಯವಾರು ಪರಿಶೀಲನೆ ಮಾಡಿಸಬೇಕು. ಆದರೆ ವಿಜ್ಞಾನ ವಿಷಯಗಳಿಗೆ ಐದು ಅಥವಾ ಏಳು ವರ್ಷಗಳ ಕಾಲಮಿತಿ ವಿಧಿಸುವ ಕಾಲೇಜುಗಳು ಹಲವಿವೆ. ಹತ್ತು ವರ್ಷದ ಹಿಂದೆ ಅಂಗರಚನಾಶಾಸ್ತ್ರದಲ್ಲಿ ಪ್ರಥಮ ದರ್ಜೆ ಪಡೆದವರೂ ಅದೇ ವಿಷಯವನ್ನು ಮೊದಲಿನಿಂದ ಓದಬೇಕಾಗಿ ಬರುವುದು ಅಪರೂಪವಲ್ಲ. ಇದು ಮನಸ್ಸಿಗೆ ಹಿತವಾದ ಸಂಗತಿಯಲ್ಲವಾದರೂ, ಮರು ಓದಿನಿಂದ ದೊರೆಯುವ ಉತ್ತಮ ಶ್ರೇಣಿಯು ಆಯ್ಕೆಯಲ್ಲಿ ನೆರವಾಗುತ್ತದೆ.

ವ್ಯಾಸಂಗ ಮತ್ತು ಚಿಕಿತ್ಸಾಲಯ ತರಬೇತಿ

ಆಯ್ಕೆಯಾದ ನಂತರದ ಎರಡು ವರ್ಷ ಪೂರ್ಣಾವಧಿಯ ದುಡಿಮೆಯಾಗಿರುತ್ತದೆ. ಸಾಮಾನ್ಯ ಅಸೋಸಿಯೇಟ್ ಪದವಿಗೆ ಸುಮಾರು 60 ಕ್ರೆಡಿಟ್ ಸಾಕಾದರೆ, ದಂತ ನೈರ್ಮಲ್ಯದಲ್ಲಿ ಪೂರ್ವ ವಿಷಯಗಳೂ ಸೇರಿ 80ನ್ನು ದಾಟುವುದು ಸಾಮಾನ್ಯ. ದಂತ ರಚನೆ, ತಲೆ ಮತ್ತು ಕುತ್ತಿಗೆಯ ಅಂಗರಚನೆ, ಬಾಯಿಯ ರೋಗಶಾಸ್ತ್ರ, ಒಸಡಿನ ರೋಗಗಳು, ವಿಕಿರಣಶಾಸ್ತ್ರ, ಔಷಧಶಾಸ್ತ್ರ, ನೋವು ನಿಯಂತ್ರಣ, ಪೌಷ್ಟಿಕತೆ, ಸಮುದಾಯ ದಂತ ಆರೋಗ್ಯ ಮುಖ್ಯ ಪಠ್ಯವಿಷಯಗಳು.

ಮೊದಲ ಸೆಮಿಸ್ಟರ್‌ನಲ್ಲಿ ಗೊಂಬೆಯ ಬಾಯಿಯಲ್ಲಿಯೂ ಸಹಪಾಠಿಗಳ ಬಾಯಿಯಲ್ಲಿಯೂ ಅಭ್ಯಾಸ ನಡೆಯುತ್ತದೆ. ನಂತರ ಕಾಲೇಜಿನ ಚಿಕಿತ್ಸಾಲಯದಲ್ಲಿ ನಿಜವಾದ ರೋಗಿಗಳು. ಮೊದಲ ವರ್ಷ ವಾರಕ್ಕೆ 8ರಿಂದ 12 ಗಂಟೆ, ಅಂತಿಮ ವರ್ಷ 12ರಿಂದ 16 ಗಂಟೆ ರೋಗಿಗಳ ಆರೈಕೆ ಇರಬೇಕೆಂದು ಮಾನ್ಯತಾ ಮಾನದಂಡದಲ್ಲಿ ಸೂಚಿಸಲಾಗಿದೆ. ಆರಂಭದಲ್ಲಿ ಒಬ್ಬ ರೋಗಿಯ ಹಲ್ಲು ಶುಚಿಗೊಳಿಸಲು ವಿದ್ಯಾರ್ಥಿಗೆ ಮೂರು ಗಂಟೆಯೂ ಹಿಡಿಯಬಹುದು; ಎರಡು ಮೂರು ಭೇಟಿಗಳೂ ಬೇಕಾಗಬಹುದು.

ಇಲ್ಲಿ ಒಂದು ಅಂಶವನ್ನು ಕಾಲೇಜಿನ ಕೈಪಿಡಿಗಳು ಸಣ್ಣ ಅಕ್ಷರಗಳಲ್ಲಿ ಹೇಳುತ್ತವೆ. ಪದವಿ ಪೂರೈಸಲು ಇಂತಿಷ್ಟು ಮಕ್ಕಳು, ಇಂತಿಷ್ಟು ವೃದ್ಧರು, ಇಂತಿಷ್ಟು ಮಂದಿ ಹೆಚ್ಚು ಕಿಟ್ಟ ಕಟ್ಟಿದವರು ಎಂದು ವಿವಿಧ ಬಗೆಯ ರೋಗಿಗಳಿಗೆ ಚಿಕಿತ್ಸೆ ನೀಡಿರಬೇಕು. ಅನೇಕ ಕಡೆ ಇಂತಹ ರೋಗಿಗಳನ್ನು ಹುಡುಕಿ ತರುವ ಹೊಣೆ ವಿದ್ಯಾರ್ಥಿಯದೇ ಆಗಿರುತ್ತದೆ. ಊರಿಗೆ ಹೊಸಬರಾಗಿ, ಪರಿಚಯದ ಬಳಗ ಚಿಕ್ಕದಾಗಿರುವವರಿಗೆ ಇದು ಪರೀಕ್ಷೆಗಿಂತ ಹೆಚ್ಚಿನ ತಲೆನೋವಾಗುತ್ತದೆ. ಕಾಲೇಜಿನ ಚಿಕಿತ್ಸಾಲಯದಲ್ಲಿ ಶುಲ್ಕ ಅತ್ಯಲ್ಪವಾದುದರಿಂದ, ದಂತ ವಿಮೆ ಇಲ್ಲದೆ ಭಾರತದಿಂದ ಬಂದಿರುವ ತಂದೆ ತಾಯಂದಿರಿಗೆ ಅಲ್ಲಿ ಚಿಕಿತ್ಸೆ ಪಡೆಯುವುದು ಅನುಕೂಲಕರ. ಸ್ಥಳೀಯ ಕನ್ನಡ ಕೂಟಗಳ ಮೂಲಕ ಈ ಮಾಹಿತಿ ಹಬ್ಬಿದಲ್ಲಿ ರೋಗಿಗೂ ವಿದ್ಯಾರ್ಥಿಗೂ ಪ್ರಯೋಜನವಿದೆ.

ಬೋಧನಾ ಶುಲ್ಕದ ಹೊರತಾಗಿ ಉಪಕರಣಗಳ ಪೆಟ್ಟಿಗೆ, ಕಣ್ಣಿಗೆ ಧರಿಸುವ ವರ್ಧಕ ಮಸೂರ, ಸಮವಸ್ತ್ರ, ವಿಮೆ, ಪರೀಕ್ಷಾ ಶುಲ್ಕ ಇವುಗಳಿಗೆ ಸಾವಿರಾರು ಡಾಲರ್ ವೆಚ್ಚವಾಗುತ್ತದೆ. ಎಫ್-1 ಮತ್ತು ಎಚ್-4 ವೀಸಾದಲ್ಲಿ ಇರುವವರಿಗೆ ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ದೊರೆಯುವುದಿಲ್ಲ.

ಪರೀಕ್ಷೆ ಮತ್ತು ಪರವಾನಗಿ

ವ್ಯಾಸಂಗಕ್ರಮವು ಕಮಿಷನ್ ಆನ್ ಡೆಂಟಲ್ ಅಕ್ರೆಡಿಟೇಷನ್ ಸಂಸ್ಥೆಯ ಮಾನ್ಯತೆ ಹೊಂದಿರತಕ್ಕದ್ದು. ಹೊಸದಾಗಿ ಆರಂಭವಾದ ವಿಭಾಗಗಳಿಗೆ ನೀಡುವ ಪ್ರಾರಂಭಿಕ ಮಾನ್ಯತೆಯೂ ಸಿಂಧುವಾಗಿರುತ್ತದೆ. ಮಾನ್ಯತೆಗೆ ಅರ್ಜಿ ಸಲ್ಲಿಸಲಾಗಿದೆ ಎಂಬ ಭರವಸೆ ಮಾತ್ರ ಇದ್ದಲ್ಲಿ ಹಣ ಕಟ್ಟಬಾರದು. ಭಾರತದಲ್ಲಿ ಪಡೆದ ಎರಡು ವರ್ಷದ ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾಕ್ಕೆ ಈ ಮಾನ್ಯತೆ ಇಲ್ಲ. ಪೂರ್ಣವಾಗಿ ಅಂತರ್ಜಾಲದಲ್ಲಿಯೇ ಮುಗಿಸಬಹುದು ಎಂದು ಹೇಳುವ ಪ್ರಥಮ ಪದವಿ ಕೋರ್ಸುಗಳ ಬಗ್ಗೆ ಎಚ್ಚರ ವಹಿಸಬೇಕು. ಪಾಠ ದೂರದಿಂದ ನಡೆಯಬಹುದು, ಚಿಕಿತ್ಸಾಲಯ ತರಬೇತಿ ನಡೆಯುವುದಿಲ್ಲ.

ಪರವಾನಗಿಗಾಗಿ ರಾಷ್ಟ್ರೀಯ ಮಂಡಳಿಯ ಲಿಖಿತ ಪರೀಕ್ಷೆ ಇರುತ್ತದೆ. 350 ಪ್ರಶ್ನೆಗಳಲ್ಲಿ 200 ವಿಷಯಾಧಾರಿತ, ಉಳಿದ 150 ರೋಗಿಗಳ ವಿವರವನ್ನು ಆಧರಿಸಿದವು. ಉತ್ತೀರ್ಣರಾಗಲು 75ರ ಮಾನಕ ಅಂಕ ಬೇಕು. ಇದು ಶೇಕಡಾವಾರು ಲೆಕ್ಕವಲ್ಲ. ಬಳಿಕ ಚಿಕಿತ್ಸಾ ಕೌಶಲ್ಯ ಪರೀಕ್ಷೆ. ಹಿಂದೆ ಇದಕ್ಕೂ ಅಭ್ಯರ್ಥಿಯೇ ರೋಗಿಯನ್ನು ಕರೆತರಬೇಕಾಗಿತ್ತು. 2020ರ ಕೋವಿಡ್ ಸಂದರ್ಭದ ನಂತರ ಗೊಂಬೆಯ ಮೇಲೆ ನಡೆಸುವ ಪರೀಕ್ಷೆಯನ್ನು ಬಹಳಷ್ಟು ರಾಜ್ಯಗಳು ಒಪ್ಪಿಕೊಂಡಿವೆ. ಕೊನೆಯದಾಗಿ ರಾಜ್ಯದ ದಂತ ಕಾನೂನಿನ ಪರೀಕ್ಷೆಯನ್ನು ಹಲವು ರಾಜ್ಯಗಳು ವಿಧಿಸುತ್ತವೆ.

ಪರವಾನಗಿ ನೀಡುವುದು ರಾಜ್ಯ ಮಂಡಳಿ. ಒಂದು ರಾಜ್ಯದ ನಿಯಮ ಮತ್ತೊಂದರಲ್ಲಿ ಇರುವುದಿಲ್ಲ. ಹೈಜೀನಿಸ್ಟ್ ಸ್ಥಳೀಯ ಅರಿವಳಿಕೆ ಚುಚ್ಚುಮದ್ದು ನೀಡಲು ಟೆಕ್ಸಾಸ್ ರಾಜ್ಯ ಅನುಮತಿ ನೀಡಿದ್ದು 2023ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಅದೇ ಕೌಶಲ್ಯ, ಜೊತೆಗೆ ನೈಟ್ರಸ್ ಆಕ್ಸೈಡ್ ಬಳಕೆಯ ತರಬೇತಿ ಇಲ್ಲದೆ ಪರವಾನಗಿಯೇ ಸಿಗುವುದಿಲ್ಲ. ಪತಿ ಅಥವಾ ಪತ್ನಿಯ ಉದ್ಯೋಗದ ಕಾರಣ ಡಲ್ಲಾಸ್‌ನಿಂದ ಸ್ಯಾನ್ ಹೋಸೆಗೆ ವಾಸ ಬದಲಿಸುವ ಕುಟುಂಬದಲ್ಲಿ ಹೈಜೀನಿಸ್ಟ್ ಕೆಲವು ತಿಂಗಳು ಸಂಬಳವಿಲ್ಲದೆ ಕಾಯಬೇಕಾಗಬಹುದು. ದಂತವೈದ್ಯರು ಹಾಗೂ ಹೈಜೀನಿಸ್ಟ್‌ಗಳ ಅಂತರರಾಜ್ಯ ಒಪ್ಪಂದವು ಏಳು ರಾಜ್ಯಗಳ ಅಂಗೀಕಾರದೊಂದಿಗೆ 2024ರಲ್ಲಿ ಅಸ್ತಿತ್ವಕ್ಕೆ ಬಂದಿದೆ. ಆದರೆ ಅದರ ಪ್ರಯೋಜನ ಸೇರಿದ ರಾಜ್ಯಗಳಿಗಷ್ಟೇ ಸೀಮಿತ.

ಬಿ.ಡಿ.ಎಸ್. ಪದವೀಧರರ ಗಮನಕ್ಕೆ

ಕರ್ನಾಟಕವು ದೇಶದಲ್ಲಿ ಅತಿ ಹೆಚ್ಚು ದಂತವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳಲ್ಲಿ ಒಂದು. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಿಂದ ಹೊರಬಂದು ವಿವಾಹಾನಂತರ ಅಮೆರಿಕಕ್ಕೆ ತೆರಳುವ ದಂತವೈದ್ಯೆಯರು ಅನೇಕ. ಬಿ.ಡಿ.ಎಸ್. ಪದವಿಯೊಂದರ ಆಧಾರದ ಮೇಲೆ ಅಲ್ಲಿ ದಂತವೈದ್ಯ ವೃತ್ತಿ ನಡೆಸಲು ಬಹುತೇಕ ರಾಜ್ಯಗಳಲ್ಲಿ ಅವಕಾಶವಿಲ್ಲ. ರಾಷ್ಟ್ರೀಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಅಲ್ಲಿನ ದಂತ ವಿದ್ಯಾಲಯದಲ್ಲಿ ಎರಡರಿಂದ ಮೂರು ವರ್ಷದ ಮುಂದುವರಿದ ಪ್ರವೇಶ ಪಡೆದು, ಮತ್ತೆ ಪದವಿ ಗಳಿಸುವುದು ಸಾಮಾನ್ಯ ಮಾರ್ಗ. ಇದರ ಶುಲ್ಕ ಸಮುದಾಯ ಕಾಲೇಜಿನ ಶುಲ್ಕಕ್ಕೆ ಹೋಲಿಸಲಾಗದಷ್ಟು ಅಧಿಕ; ಸ್ಪರ್ಧೆಯೂ ತೀವ್ರ.

ಈ ಹಿನ್ನೆಲೆಯಲ್ಲಿ ಕೆಲವರು ಹೈಜೀನಿಸ್ಟ್ ಮಾರ್ಗವನ್ನು ಆಯ್ದುಕೊಳ್ಳುತ್ತಾರೆ. ಆಯ್ಕೆಯಲ್ಲಿ ತಪ್ಪಿಲ್ಲ, ಆದರೆ ಎರಡು ಸಂಗತಿಗಳನ್ನು ತಿಳಿದು ಆಯ್ದುಕೊಳ್ಳಬೇಕು. ಒಂದು, ಹೈಜೀನಿಸ್ಟ್ ಪದವಿಯು ದಂತವೈದ್ಯ ಪದವಿಯತ್ತ ಏರುವ ಮೆಟ್ಟಿಲಲ್ಲ. ಅದನ್ನು ಮುಗಿಸಿದ್ದರಿಂದ ದಂತ ವಿದ್ಯಾಲಯದ ಒಂದು ಸೆಮಿಸ್ಟರ್ ಕೂಡ ಕಡಿಮೆಯಾಗುವುದಿಲ್ಲ. ಎರಡು, ಊರಿನಲ್ಲಿ ಸ್ವಂತ ಹೆಸರಿನ ಫಲಕದ ಕೆಳಗೆ ಚಿಕಿತ್ಸೆ ನೀಡಿದವರು ಅಲ್ಲಿ ಇನ್ನೊಬ್ಬ ದಂತವೈದ್ಯರ ಸೂಚನೆಯಂತೆ ಕೆಲಸ ಮಾಡಬೇಕಾಗುತ್ತದೆ. ಹುಳುಕು ಕಣ್ಣಿಗೆ ಕಂಡರೂ ತುಂಬುವಂತಿಲ್ಲ. ತಾಂತ್ರಿಕ ಜ್ಞಾನದ ಕೊರತೆಗಿಂತ ಈ ಹೊಂದಾಣಿಕೆಯೇ ಹಲವರಿಗೆ ಕಷ್ಟವೆನಿಸುತ್ತದೆ.

ಫ್ಲಾರಿಡಾ ರಾಜ್ಯದ ಕಾನೂನು ಈ ವಿಷಯದಲ್ಲಿ ಭಿನ್ನವಾಗಿದೆ. ನಾಲ್ಕು ವರ್ಷದ ದಂತವೈದ್ಯಕೀಯ ಶಿಕ್ಷಣ ಪಡೆದ ವಿದೇಶಿ ಪದವೀಧರರು, ತಮ್ಮ ಪದವಿ ಸಮಾನವೆಂದು ಮೌಲ್ಯಮಾಪನವಾದಲ್ಲಿ, ಹೈಜೀನಿಸ್ಟ್ ಕಾಲೇಜಿಗೆ ಹೋಗದೆ ನೇರವಾಗಿ ಹೈಜೀನಿಸ್ಟ್ ಪರವಾನಗಿ ಪರೀಕ್ಷೆಗಳಿಗೆ ಕೂರಬಹುದು. ಸಿಬ್ಬಂದಿ ಕೊರತೆಯ ಹಿನ್ನೆಲೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಇಂತಹ ಅವಕಾಶವನ್ನು ಇತರ ರಾಜ್ಯಗಳಿಗೂ ವಿಸ್ತರಿಸುವ ನಿಲುವನ್ನು ಅಂಗೀಕರಿಸಿತು. ಹೈಜೀನಿಸ್ಟ್‌ಗಳ ಸಂಘವು ಇದನ್ನು ವಿರೋಧಿಸಿದೆ. ದಂತವೈದ್ಯರ ಸಂಘದ ನಿಲುವು ಕಾನೂನಾಗುವುದಿಲ್ಲ. ಪ್ರತಿ ರಾಜ್ಯದ ಶಾಸನಸಭೆ ತೀರ್ಮಾನಿಸಬೇಕು. ಆದುದರಿಂದ ಬಿ.ಡಿ.ಎಸ್. ಪದವೀಧರರು ಕಾಲೇಜಿಗೆ ಸೇರುವ ಮುನ್ನ ತಾವು ವಾಸಿಸುವ ರಾಜ್ಯದ ಮಂಡಳಿಗೆ ಪತ್ರ ಬರೆದು ಇತ್ತೀಚಿನ ನಿಯಮವನ್ನು ತಿಳಿಯುವುದು ಸೂಕ್ತ.

ವೀಸಾ ಮತ್ತು ದುಡಿಯುವ ಹಕ್ಕು

ಎಚ್-1ಬಿ ಉದ್ಯೋಗಿಯ ಪತಿ ಅಥವಾ ಪತ್ನಿ ಎಚ್-4 ವೀಸಾದಲ್ಲಿ ಯಾವುದೇ ಕಾಲೇಜಿನಲ್ಲಿ ಓದಬಹುದು. ಪೂರ್ಣಾವಧಿಯಾಗಲಿ ಅರೆಕಾಲಿಕವಾಗಲಿ ನಿರ್ಬಂಧವಿಲ್ಲ. ದುಡಿಯಲು ಮಾತ್ರ ಉದ್ಯೋಗ ಅನುಮತಿ ಪತ್ರ ಬೇಕು. 2015ರ ಮೇ 26ರಂದು ಜಾರಿಗೆ ಬಂದ ನಿಯಮದಂತೆ, ಮುಖ್ಯವಾಗಿ ಸಂಗಾತಿಯ ಐ-140 ಅರ್ಜಿ ಅಂಗೀಕೃತವಾಗಿರುವ ಎಚ್-4 ಪತಿ ಪತ್ನಿಯರಿಗೆ ಈ ಪತ್ರ ದೊರೆಯುತ್ತದೆ. ನವೀಕರಣಕ್ಕೆ ಅರ್ಜಿ ಹಾಕಿದೊಡನೆ ಹಳೆಯ ಅನುಮತಿ ತಾನಾಗಿ ಮುಂದುವರಿಯುತ್ತಿದ್ದ ಸೌಲಭ್ಯವನ್ನು 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ಹಿಂಪಡೆಯಲಾಗಿದೆ. ಎಲ್-1 ಉದ್ಯೋಗಿಯ ಸಂಗಾತಿಗೆ ಎಲ್-2 ಸ್ಥಿತಿಯಲ್ಲಿಯೇ ದುಡಿಯುವ ಹಕ್ಕಿದೆ. ಎಚ್-4 ಸ್ಥಿತಿಯಲ್ಲಿ ಇರುವ ಮಕ್ಕಳಿಗೆ ದುಡಿಯುವ ಅನುಮತಿ ಇಲ್ಲ ಹಾಗೂ 21 ವರ್ಷ ತುಂಬಿದಾಗ ಆ ಸ್ಥಿತಿಯೇ ಮುಗಿಯುತ್ತದೆ. ಅಲ್ಲಿ ಬೆಳೆದ ಮಗಳನ್ನು ಈ ವ್ಯಾಸಂಗಕ್ಕೆ ಸೇರಿಸುವ ಪೋಷಕರು ಪದವಿ ಮುಗಿಯುವ ವರ್ಷ ಅವಳ ವಯಸ್ಸು ಎಷ್ಟಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಕೊಳ್ಳಬೇಕು.

ಭಾರತದಿಂದ ನೇರವಾಗಿ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋಗುವವರ ಸ್ಥಿತಿ ಹೆಚ್ಚು ಇಕ್ಕಟ್ಟಿನದು. ಸ್ಥಾನಗಳು ಕಡಿಮೆ ಇರುವ ಕಾರಣ ಕೆಲವು ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನು ಈ ವಿಭಾಗಕ್ಕೆ ತೆಗೆದುಕೊಳ್ಳುವುದಿಲ್ಲ. ಪದವಿಯ ನಂತರ 12 ತಿಂಗಳ ಐಚ್ಛಿಕ ಪ್ರಾಯೋಗಿಕ ತರಬೇತಿಯ ಅವಧಿಯಲ್ಲಿ ದುಡಿಯಬಹುದು. ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕಾಲ ನಿರುದ್ಯೋಗಿಯಾಗಿ ಇರುವಂತಿಲ್ಲ. ಪರೀಕ್ಷೆ, ಫಲಿತಾಂಶ, ಪರವಾನಗಿ ಇವಕ್ಕೆ ಹಿಡಿಯುವ ವಾರಗಳೂ ಈ 90 ದಿನಗಳನ್ನೇ ತಿನ್ನುತ್ತವೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ತಂತ್ರಜ್ಞಾನ ವಿಷಯಗಳಿಗೆ ಇರುವ 24 ತಿಂಗಳ ವಿಸ್ತರಣೆ ದಂತ ನೈರ್ಮಲ್ಯಕ್ಕೆ ಇಲ್ಲ.

ಆ ನಂತರದ ದಾರಿ ಬಹುತೇಕ ಮುಚ್ಚಿದೆ. ಎಚ್-1ಬಿ ವೀಸಾಕ್ಕೆ ಕನಿಷ್ಠ ಬ್ಯಾಚುಲರ್ ಪದವಿಯ ಅಗತ್ಯವಿರುವ ಹುದ್ದೆಯಾಗಿರಬೇಕು. ಹೈಜೀನಿಸ್ಟ್ ಹುದ್ದೆಗೆ ಅಸೋಸಿಯೇಟ್ ಪದವಿ ಸಾಕಾಗಿರುವುದೇ ಇಲ್ಲಿ ಅಡ್ಡಿಯಾಗುತ್ತದೆ. ನರ್ಸುಗಳು ಮತ್ತು ಫಿಸಿಯೋಥೆರಪಿಸ್ಟ್‌ಗಳನ್ನು ಕೊರತೆಯ ವೃತ್ತಿಗಳೆಂದು ಗುರುತಿಸಿ ಅವರ ಶಾಶ್ವತ ವಾಸದ ಅರ್ಜಿಗೆ ಕಾರ್ಮಿಕ ಪ್ರಮಾಣೀಕರಣದಿಂದ ವಿನಾಯಿತಿ ನೀಡಲಾಗಿದೆ. ಆ ಪಟ್ಟಿಯಲ್ಲಿ ಹೈಜೀನಿಸ್ಟ್‌ಗಳಿಲ್ಲ. ಕೇರಳದ ಅಥವಾ ಮಂಗಳೂರಿನ ನರ್ಸುಗಳು ಅಲ್ಲಿ ನೆಲೆಸಿದ ಉದಾಹರಣೆಯನ್ನು ಈ ವೃತ್ತಿಗೆ ಅನ್ವಯಿಸಲಾಗದು. ಹೈಜೀನಿಸ್ಟ್ ಆಗಿ ಅಮೆರಿಕದಲ್ಲಿ ನೆಲೆಸುವ ಉದ್ದೇಶದಿಂದಲೇ ಊರಿನಲ್ಲಿ ಸಾಲ ಮಾಡಿ ಹೊರಡುವುದು ಸೂಕ್ತವಲ್ಲ. ಬೇರೆ ಆಧಾರದ ಮೇಲೆ ದುಡಿಯುವ ಹಕ್ಕು ಇರುವವರಿಗೆ, ಅಥವಾ ಸದ್ಯದಲ್ಲಿ ದೊರೆಯುವವರಿಗೆ, ಇದೇ ವ್ಯಾಸಂಗ ಅತ್ಯಂತ ಲಾಭದಾಯಕ.

ಸಂಬಳ ಮತ್ತು ಕೆಲಸದ ಪರಿಸ್ಥಿತಿ

ಅಮೆರಿಕದ ಕಾರ್ಮಿಕ ಅಂಕಿಅಂಶಗಳ ಬ್ಯೂರೋ ಪ್ರಕಾರ 2024ರ ಮೇ ತಿಂಗಳಲ್ಲಿ ಹೈಜೀನಿಸ್ಟ್‌ಗಳ ಮಧ್ಯಮ ವಾರ್ಷಿಕ ವೇತನ 94,260 ಡಾಲರ್, ಅಂದರೆ ಗಂಟೆಗೆ ಸುಮಾರು 45 ಡಾಲರ್. ಆ ವರ್ಷ ಸುಮಾರು 2,21,600 ಹುದ್ದೆಗಳಿದ್ದು, 2024ರಿಂದ 2034ರ ಅವಧಿಯಲ್ಲಿ ಶೇ. 7ರಷ್ಟು ಹೆಚ್ಚಳ ಹಾಗೂ ವರ್ಷಕ್ಕೆ ಸರಾಸರಿ 15,300 ಹುದ್ದೆಗಳು ತೆರವಾಗುವ ಅಂದಾಜಿದೆ. ಅಸೋಸಿಯೇಟ್ ಪದವಿಯಿಂದ ಈ ಮಟ್ಟದ ಸಂಬಳ ದೊರೆಯುವ ವೃತ್ತಿಗಳು ಅಲ್ಲಿ ಹೆಚ್ಚಿಲ್ಲ. ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡುವ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ಮನೆ ಬಾಡಿಗೆ, ಮಕ್ಕಳ ಪಾಲನಾ ಕೇಂದ್ರ, ವಿಮೆ ಇವುಗಳೂ ಡಾಲರ್‌ನಲ್ಲಿಯೇ ಇರುತ್ತವೆ.

ಬಹಳಷ್ಟು ಹೈಜೀನಿಸ್ಟ್‌ಗಳು ವಾರಕ್ಕೆ ಎರಡು ಅಥವಾ ಮೂರು ದಿನ, ಕೆಲವೊಮ್ಮೆ ಎರಡು ಚಿಕಿತ್ಸಾಲಯಗಳಲ್ಲಿ, ದುಡಿಯುತ್ತಾರೆ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಇದು ಅನುಕೂಲ. ಆದರೆ ಅರೆಕಾಲಿಕರಿಗೆ ಆರೋಗ್ಯ ವಿಮೆ, ವೇತನ ಸಹಿತ ರಜೆ ದೊರೆಯದಿರಬಹುದು. ಸಂಬಳ ಗಂಟೆಯ ಲೆಕ್ಕದಲ್ಲಿರುವುದರಿಂದ, ರೋಗಿ ಬಾರದ ದಿನ ಬೇಗ ಮನೆಗೆ ಕಳುಹಿಸುವ ಚಿಕಿತ್ಸಾಲಯಗಳೂ ಇವೆ. ಒಬ್ಬ ರೋಗಿಗೆ 45 ನಿಮಿಷದಿಂದ ಒಂದು ಗಂಟೆ. ದಿನವಿಡೀ ಬಾಗಿದ ಕುತ್ತಿಗೆ, ಬಿಗಿದ ಮಣಿಕಟ್ಟು. ಕುತ್ತಿಗೆ, ಭುಜ ಮತ್ತು ಕೈನೋವಿನ ಕಾರಣದಿಂದ ಈ ವೃತ್ತಿಯನ್ನು ಬೇಗ ತೊರೆಯುವವರಿದ್ದಾರೆ. ಕುಳಿತುಕೊಳ್ಳುವ ಸರಿಯಾದ ಭಂಗಿಯನ್ನು ಮೊದಲ ಸೆಮಿಸ್ಟರ್‌ನಲ್ಲಿಯೇ ರೂಢಿಸಿಕೊಳ್ಳದಿದ್ದರೆ ನಂತರ ತಿದ್ದಿಕೊಳ್ಳುವುದು ಕಷ್ಟ.

ಖಾಸಗಿ ಚಿಕಿತ್ಸಾಲಯದ ಹೊರಗೂ ಅವಕಾಶಗಳು ವಿಸ್ತರಿಸಿವೆ. ದಂತವೈದ್ಯರು ಸ್ಥಳದಲ್ಲಿ ಇಲ್ಲದೆಯೂ ಶಾಲೆ, ವೃದ್ಧಾಶ್ರಮ, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಹೈಜೀನಿಸ್ಟ್ ನೇರವಾಗಿ ಸೇವೆ ನೀಡಲು 40ಕ್ಕೂ ಹೆಚ್ಚು ರಾಜ್ಯಗಳು ಒಂದಲ್ಲ ಒಂದು ರೀತಿಯಲ್ಲಿ ಅನುಮತಿಸಿವೆ. ಮಿನೆಸೋಟ ರಾಜ್ಯವು 2009ರಲ್ಲಿ ದಂತ ಚಿಕಿತ್ಸಕ ಎಂಬ ಮಧ್ಯಂತರ ವೃತ್ತಿಗೆ ಕಾನೂನು ಮಾನ್ಯತೆ ನೀಡಿತು. ಇವರು ಸರಳ ಹುಳುಕುಗಳನ್ನು ತುಂಬಬಹುದು.

ಕರ್ನಾಟಕದಿಂದ ಹೊರಡುವ ಮೊದಲು ಪಡೆಯಬೇಕಾದ ದಾಖಲೆಗಳು

ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಅಂಕಪಟ್ಟಿಗಳ ಮೂಲ ಪ್ರತಿ, ಪದವಿ ಪಡೆದಿದ್ದಲ್ಲಿ ಎಲ್ಲ ವರ್ಷಗಳ ಅಂಕಪಟ್ಟಿ ಹಾಗೂ ಪದವಿ ಪ್ರಮಾಣಪತ್ರ ಜೊತೆಯಲ್ಲಿರಬೇಕು. ಮೌಲ್ಯಮಾಪನ ಸಂಸ್ಥೆಗಳು ವಿಶ್ವವಿದ್ಯಾಲಯದಿಂದ ನೇರವಾಗಿ ಬಂದ ಅಥವಾ ಮೊಹರು ಮಾಡಿದ ದೃಢೀಕೃತ ಪ್ರತಿಗಳನ್ನು ಕೇಳುವುದರಿಂದ, ವಿದೇಶದಿಂದ ಕುಳಿತು ಪಡೆಯುವುದಕ್ಕಿಂತ ಇಲ್ಲಿರುವಾಗಲೇ ಅರ್ಜಿ ಸಲ್ಲಿಸುವುದು ಸುಲಭ. ಪ್ರತಿ ವಿಷಯದ ಪಠ್ಯಕ್ರಮದ ವಿವರವನ್ನೂ ಕಾಲೇಜಿನಿಂದ ಮೊಹರು ಸಹಿತ ಪಡೆದುಕೊಳ್ಳಬೇಕು. ರಿಯಾಯಿತಿ ಕೋರುವಾಗ ಅಂಕಪಟ್ಟಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೆಸರಿನ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಅಥವಾ ಊರಿನ ಪೂರ್ಣ ಹೆಸರು, ಮದುವೆಯ ನಂತರ ಪತಿಯ ಹೆಸರು ಹೀಗೆ ಒಬ್ಬರೇ ಮೂರು ಹೆಸರುಗಳಲ್ಲಿ ಇರುವುದು ನಮ್ಮಲ್ಲಿ ಸಹಜ. ಪರವಾನಗಿ ಮಂಡಳಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳಾಗಿ ತೋರುತ್ತಾರೆ. ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿ ಮುಂದೆ ಮಾಡಿಸಿ, ವಿವಾಹ ನೋಂದಣಿ ಪತ್ರದ ಇಂಗ್ಲಿಷ್ ಪ್ರತಿಯೊಂದಿಗೆ ಇಟ್ಟುಕೊಳ್ಳುವುದು ಒಳಿತು.

ಹೆಪಟೈಟಿಸ್-ಬಿ, ದಡಾರ, ಸೀತಾಳೆ ಸಿಡುಬು ಮುಂತಾದವುಗಳ ಲಸಿಕೆ ದಾಖಲೆ ಅಗತ್ಯ. ಬಾಲ್ಯದಲ್ಲಿ ಬಿ.ಸಿ.ಜಿ. ಲಸಿಕೆ ಪಡೆದವರಿಗೆ ಚರ್ಮದ ಮೇಲಿನ ಕ್ಷಯ ಪರೀಕ್ಷೆಯಲ್ಲಿ ರೋಗವಿಲ್ಲದಿದ್ದರೂ ಪ್ರತಿಕ್ರಿಯೆ ಕಾಣಿಸಬಹುದು. ಅಂತಹವರು ಗಾಬರಿಯಾಗದೆ ಅದರ ಬದಲು ರಕ್ತ ಪರೀಕ್ಷೆ ಮಾಡಿಸುವಂತೆ ಕಾಲೇಜಿನ ಆರೋಗ್ಯ ವಿಭಾಗವನ್ನು ಕೋರಬಹುದು.